ವಿಂಡೋಸ್ ಜೊತೆಗಿರುವ ಉಬುಂಟುವನ್ನು ತೆಗೆಯಬೇಕು: ಫಾರ್ಮ್ಯಾಟ್ ಮಾಡಲೇಬೇಕೇ?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. ಮಗ ಇಂಜಿನಿಯರಿಂಗ್ ಓದುವಾಗ ಕೊಂಡ ಲ್ಯಾಪ್‌ಟಾಪ್ ಈಗ ನನ್ನ ಬಳಿ ಇದೆ. ಅದರಲ್ಲಿ ವಿಂಡೋಸ್ 11ರ ಜೊತೆಗೆ ಅವನು ಉಬುಂಟುವನ್ನೂ (ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ, ಲಿನಕ್ಸ್‌ನ ಒಂದು ರೂಪ) ಹಾಕಿಕೊಂಡಿದ್ದ. ಈಗ ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಕಂಪನಿಯ ಲ್ಯಾಪ್‌ಟಾಪ್ ಬಳಸುತ್ತಾನೆ. ನನಗೆ ಉಬುಂಟು ಬೇಕಿಲ್ಲ. ಆನ್ ಮಾಡಿದ ಕೂಡಲೇ ಒಂದು ಪಟ್ಟಿ ಬರುತ್ತದೆ. ಹತ್ತು ಸೆಕೆಂಡಿನೊಳಗೆ ವಿಂಡೋಸ್ ಆರಿಸದಿದ್ದರೆ ಉಬುಂಟುವೇ ತೆರೆದುಕೊಳ್ಳುತ್ತದೆ. ಹಾಗೆ ತೆರೆದುಕೊಂಡ ದಿನ ವಿಂಡೋಸ್‌ಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ತೋರಿಸುತ್ತಿದೆ, ಲ್ಯಾಪ್‌ಟಾಪ್ ನಿಧಾನವಾಗಿದೆ. ಉಬುಂಟು ಸುಮಾರು 150 ಜಿಬಿ ಹಿಡಿದುಕೊಂಡಿದೆಯಂತೆ. ಅಂಗಡಿಯವರು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಉಬುಂಟು ಇರುವ ಭಾಗವನ್ನು ಡಿಲೀಟ್ ಮಾಡಿದರೆ ಸಾಕು ಎಂದರು. ಒಂದು ವಿಡಿಯೋದಲ್ಲಿ 'ಫಿಕ್ಸ್ ಎಂಬಿಆರ್' ಎಂಬ ಆಜ್ಞೆ ಕೊಡದೆ ಡಿಲೀಟ್ ಮಾಡಿದರೆ ಕಂಪ್ಯೂಟರ್ ಮತ್ತೆ ಏಳುವುದೇ ಇಲ್ಲ ಎಂದು ಹೇಳಿದರು. ವರ್ಷಗಳಿಂದ ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು ವಿಂಡೋಸ್‌ನಲ್ಲಿವೆ. ಅವು ಹೋಗಬಾರದು. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಮಾಡಬೇಕಾಗಿಲ್ಲ. ವಿಂಡೋಸ್ ಮತ್ತು ಅದರೊಳಗಿನ ನಿಮ್ಮ ನುಡಿ ಕಡತಗಳು ಇದ್ದಲ್ಲೇ ಇರುವಂತೆ ಉಬುಂಟುವನ್ನು ಮಾತ್ರ ತೆಗೆಯಬಹುದು. ನೀವು ಕೇಳಿದ ಮೂರು ಸಲಹೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಯಾವುದೂ ಸರಿಹೊಂದುವುದಿಲ್ಲ. ಅಂಗಡಿಯವರದು ಅವರಿಗೆ ಸುಲಭವಾದ ದಾರಿ. ಸಹೋದ್ಯೋಗಿ ಹೇಳಿದ್ದು ಅರ್ಧ ಕೆಲಸ. ವಿಡಿಯೋದವರದು ಹಳೆಯ ಕಾಲದ ಕಂಪ್ಯೂಟರ್‌ಗಳ ಮದ್ದು.

ನಿಮ್ಮ ಭಯವೆಲ್ಲ ಲ್ಯಾಪ್‌ಟಾಪ್ ಮತ್ತೆ ಏಳದಿದ್ದರೆ ಎಂಬುದರ ಸುತ್ತ ಇದೆ. ಅದು ಸಹಜ. ಆದರೆ ಇಂಥ ಕೆಲಸಕ್ಕೆಂದು ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ನಾನು ಹೆದರುವುದು ಬೇರೆಯದಕ್ಕೆ. ಬೂಟ್, ಎಂದರೆ ಯಂತ್ರ ಏಳುವ ಕ್ರಮ, ಕೆಟ್ಟರೆ ಸರಿಮಾಡಲು ದಾರಿಗಳಿವೆ, ಬಹುತೇಕ ಸಲ ಕೆಲವೇ ನಿಮಿಷಗಳ ಕೆಲಸ. ಉಬುಂಟು ಭಾಗದಲ್ಲಿರುವ ನಿಮ್ಮ ಮಗನ ಕಡತಗಳು ಹೋದರೆ ಮಾತ್ರ ಹೋದವೇ. ನಾಲ್ಕು ವರ್ಷ ಆ ಯಂತ್ರ ಬಳಸಿದ ಹುಡುಗ ತನ್ನ ಪ್ರಾಜೆಕ್ಟ್, ಫೋಟೋ, ಅಂಕಪಟ್ಟಿಯ ಸ್ಕ್ಯಾನ್ ಪ್ರತಿಗಳನ್ನು ಯಾವ ಕಡೆ ಇಟ್ಟಿದ್ದನೋ ಅವನಿಗೇ ನೆನಪಿರುವುದಿಲ್ಲ. ಇನ್ನೊಂದು ವಿಷಯ: ವಿಂಡೋಸ್‌ಗೆ ಉಬುಂಟುವಿನ ಕಡತಗಳು ಕಾಣುವುದೇ ಇಲ್ಲ. ಹಾಗಾಗಿ ಅಂಗಡಿಯಲ್ಲಿ 'ಬ್ಯಾಕಪ್ ತೆಗೆದಿದ್ದೇವೆ' ಎಂದರೂ ಅದು ವಿಂಡೋಸ್ ಕಡೆಯ ಬ್ಯಾಕಪ್ ಮಾತ್ರ ಆಗಿರುವ ಸಾಧ್ಯತೆಯೇ ಹೆಚ್ಚು.

ಕೆಲವು ತಪ್ಪು ತಿಳಿವಳಿಕೆಗಳು

ಉಬುಂಟು ಇರುವುದರಿಂದ ವಿಂಡೋಸ್ ನಿಧಾನವಾಗಿದೆ ಎಂದು ನೀವು ಊಹಿಸಿರುವಂತಿದೆ. ಒಂದು ನಡೆಯುವಾಗ ಇನ್ನೊಂದು ಪೂರ್ತಿ ನಿಂತಿರುತ್ತದೆ; ಡಿಸ್ಕ್‌ನಲ್ಲಿ ಜಾಗ ಹಿಡಿಯುವುದನ್ನು ಬಿಟ್ಟರೆ ಅದರಿಂದ ವಿಂಡೋಸ್ ಮೇಲೆ ಯಾವ ಭಾರವೂ ಇಲ್ಲ. ನಿಧಾನಕ್ಕೆ ಕಾರಣ ತುಂಬಿದ ಸಿ ಡ್ರೈವ್. ವಿಂಡೋಸ್‌ಗೆ ತಾತ್ಕಾಲಿಕ ಕಡತಗಳನ್ನು ಬರೆಯಲು, ಅಪ್‌ಡೇಟ್‌ಗಳನ್ನು ಬಿಚ್ಚಿಡಲು ಖಾಲಿ ಜಾಗ ಬೇಕು. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್‌ಗಳಿಂದಾದ ಡಿಸ್ಕ್) ಕೂಡ ತುಂಬುತ್ತ ಬಂದಂತೆ ಬರೆಯುವ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಉಬುಂಟು ತೆಗೆದರಷ್ಟೇ ಸಾಲದು, ಆ ಜಾಗವನ್ನು ಸಿ ಡ್ರೈವ್‌ಗೆ ಸೇರಿಸಿದರೆ ಮಾತ್ರ ನಿಮಗೆ ಪ್ರಯೋಜನ.

ಗಡಿಯಾರದ ವಿಷಯ ವೈರಸ್ ಅಲ್ಲ, ಬ್ಯಾಟರಿಯ ದೋಷವೂ ಅಲ್ಲ. ಮದರ್‌ಬೋರ್ಡ್‌ನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಉಬುಂಟು ಅದರಲ್ಲಿ ಜಾಗತಿಕ ಸಮಯವನ್ನು ಬರೆದಿಟ್ಟು, ತೋರಿಸುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ಭಾರತೀಯ ಸಮಯ ಎಂದೇ ಓದುತ್ತದೆ. ಅದಕ್ಕೇ ಸರಿಯಾಗಿ ಐದೂವರೆ ಗಂಟೆ ಹಿಂದೆ. ಉಬುಂಟು ತೆರೆಯುವುದು ನಿಂತರೆ ಈ ಕಾಟವೂ ನಿಲ್ಲುತ್ತದೆ.

ವಿಂಡೋಸ್‌ನ ಪರವಾನಗಿ ಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಉಬುಂಟು ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಜೊತೆಗೇ ಬಂದ ವಿಂಡೋಸ್‌ನ ಪರವಾನಗಿ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡಿ ಅದೇ ಆವೃತ್ತಿಯನ್ನು ಹಾಕಿದರೂ ಅಂತರಜಾಲಕ್ಕೆ ಸೇರಿದಾಗ ತಾನಾಗಿ ಸಕ್ರಿಯವಾಗುತ್ತದೆ.

ಇನ್ನೊಂದು ಗೊಂದಲವನ್ನು ಈಗಲೇ ಬಿಡಿಸಿಬಿಡುತ್ತೇನೆ. ವಿಂಡೋಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ 'ಉಬುಂಟು' ಎಂಬ ಹೆಸರು ಕಂಡರೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ವಿಂಡೋಸ್‌ನ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯವಿದೆ, ಇಂಜಿನಿಯರಿಂಗ್ ಹುಡುಗರು ಅದನ್ನೂ ಹಾಕಿಕೊಂಡಿರುತ್ತಾರೆ. ಅದು ಬೇರೆ, ಆನ್ ಮಾಡುವಾಗ ಪಟ್ಟಿಯಲ್ಲಿ ಕಾಣುವ ಉಬುಂಟು ಬೇರೆ. ಡಬ್ಲ್ಯುಎಸ್‌ಎಲ್‌ನ ಉಬುಂಟುವನ್ನು ಅಳಿಸಿದರೆ ಅದರೊಳಗಿನ ಕಡತಗಳೂ ಹೋಗುತ್ತವೆ. ಮಗನನ್ನು ಕೇಳದೆ ಎರಡನ್ನೂ ಮುಟ್ಟಬೇಡಿ.

ಉಬುಂಟು ಇರುವುದು ಒಂದೇ ಕಡೆಯಲ್ಲ

ಸಹೋದ್ಯೋಗಿಯ ಸಲಹೆ ಅರ್ಧ ಕೆಲಸ ಎಂದೆ. ಏಕೆಂದರೆ ಉಬುಂಟು ಮೂರು ಕಡೆ ನೆಲೆಸಿದೆ. ಒಂದು, ಡಿಸ್ಕ್‌ನಲ್ಲಿ ಅದರದೇ ಆದ ಪಾರ್ಟಿಷನ್, ಎಂದರೆ ಬೇರ್ಪಡಿಸಿದ ಭಾಗ, ನಿಮ್ಮ 150 ಜಿಬಿ. ಎರಡು, ಡಿಸ್ಕ್‌ನ ಆರಂಭದಲ್ಲಿ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ ಇರುತ್ತದೆ, ಸಾಮಾನ್ಯವಾಗಿ 100 ಅಥವಾ 260 ಎಂಬಿ. ಅದರೊಳಗೆ ಮೈಕ್ರೋಸಾಫ್ಟ್ ಎಂಬ ಫೋಲ್ಡರ್, ಅದರ ಪಕ್ಕದಲ್ಲೇ ಉಬುಂಟು ಎಂಬ ಫೋಲ್ಡರ್. ಎರಡೂ ವ್ಯವಸ್ಥೆಗಳನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್‌ಗಳು ಅಲ್ಲಿವೆ. ಉಬುಂಟುವಿನ ಆ ಪ್ರೋಗ್ರಾಮ್ ಹೆಸರು ಗ್ರಬ್. ನೀವು ದಿನವೂ ನೋಡುವ ಪಟ್ಟಿ ಅದರದೇ. ಮೂರು, ಮದರ್‌ಬೋರ್ಡ್‌ನ ಚಿಪ್‌ನಲ್ಲಿ ಬರೆದಿಟ್ಟಿರುವ ಒಂದು ಸರದಿ: ಮೊದಲು ಉಬುಂಟು, ಆಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್. ಉಬುಂಟು ಹಾಕಿದಾಗ ಅದು ತನ್ನ ಹೆಸರನ್ನು ಈ ಸರದಿಯ ಮೇಲಕ್ಕೆ ಬರೆದುಕೊಂಡಿತು.

ಈಗ ಪಾರ್ಟಿಷನ್ ಮಾತ್ರ ಅಳಿಸಿದಿರಿ ಎನ್ನಿ. ಬಾಡಿಗೆದಾರರು ಮನೆ ಖಾಲಿ ಮಾಡಿದ್ದಾರೆ, ಗೇಟಿನ ಮೇಲೆ ಅವರ ಹೆಸರಿನ ಫಲಕ ಹಾಗೇ ಇದೆ. ಆನ್ ಮಾಡಿದಾಗ ಯಂತ್ರ ಸರದಿಯಂತೆ ಮೊದಲು ಗ್ರಬ್‌ನ್ನು ಕರೆಯುತ್ತದೆ. ಗ್ರಬ್ ಎದ್ದು, ಪಟ್ಟಿಯಲ್ಲಿ ಏನೇನು ತೋರಿಸಬೇಕು ಎಂಬ ವಿವರವನ್ನು ಉಬುಂಟುವಿನ ಪಾರ್ಟಿಷನ್‌ನಲ್ಲಿ ಹುಡುಕುತ್ತದೆ. ಅದು ಇಲ್ಲವಲ್ಲ! ಆಗ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಬಿಳಿ ಅಕ್ಷರಗಳು, ಮುಂದೆ ಮಿನುಗುವ ಗೆರೆ, ಅಷ್ಟೇ. ಜನ ಎದೆ ಒಡೆದುಕೊಳ್ಳುವುದು ಇಲ್ಲೇ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಅದು ಸರದಿಯಲ್ಲಿ ಎರಡನೆಯದಾಗಿ ಕಾಯುತ್ತಿರುತ್ತದೆ.

ವಿಡಿಯೋದಲ್ಲಿ ಹೇಳಿದ ಆಜ್ಞೆ ಇನ್ನೂ ಹಳೆಯ ಪದ್ಧತಿಗೆ ಸೇರಿದ್ದು. ಆ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲ 512 ಬೈಟ್‌ಗಳೇ ಎಲ್ಲಕ್ಕೂ ಬಾಗಿಲು, ಅದರ ಹೆಸರೇ ಎಂಬಿಆರ್. ಅದರಲ್ಲೂ ಬೂಟ್ ಮಾಡುವ ಸಂಕೇತಕ್ಕೆ ಸಿಗುವುದು 446 ಬೈಟ್ ಮಾತ್ರ. ಗ್ರಬ್ ಆ ಜಾಗವನ್ನೇ ಆಕ್ರಮಿಸಿಕೊಳ್ಳುತ್ತಿತ್ತು, ವಿಂಡೋಸ್‌ನ ಸಂಕೇತ ಅಳಿಸಿಹೋಗುತ್ತಿತ್ತು. ಹಾಗಾಗಿ ಅಂಥ ಕಂಪ್ಯೂಟರ್‌ಗಳಲ್ಲಿ ವಿಂಡೋಸ್‌ನ ಇನ್‌ಸ್ಟಾಲೇಷನ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ ಫಿಕ್ಸ್ ಎಂಬಿಆರ್ ಆಜ್ಞೆ ಕೊಟ್ಟು ವಿಂಡೋಸ್‌ನ ಸಂಕೇತವನ್ನು ಮತ್ತೆ ಬರೆಯಬೇಕಿತ್ತು. ವಿಂಡೋಸ್ 7ರ ಕಾಲದ ಯಂತ್ರಗಳಿಗೆ ಇಂದಿಗೂ ಇದೇ ಸರಿಯಾದ ದಾರಿ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಮಾರಾಟವಾದ ಲ್ಯಾಪ್‌ಟಾಪ್‌ಗಳೆಲ್ಲ ಸುಮಾರಾಗಿ, ಮೇಲೆ ಹೇಳಿದ ಇಎಫ್‌ಐ ಪಾರ್ಟಿಷನ್ ಬಳಸುವ ಯುಇಎಫ್‌ಐ ಪದ್ಧತಿಗೆ ಬಂದವು. ವಿಂಡೋಸ್ 11ಕ್ಕಂತೂ ಅದು ಕಡ್ಡಾಯ ಎಂದೇ ಮೈಕ್ರೋಸಾಫ್ಟ್ ಹೇಳುತ್ತದೆ. ನಿಮ್ಮ ಯಂತ್ರದಲ್ಲಿ ಆ ಆಜ್ಞೆ ಕೊಟ್ಟರೆ ಹಾನಿಯಿಲ್ಲ, ಉಪಯೋಗವೂ ಇಲ್ಲ. ಖಚಿತಪಡಿಸಿಕೊಳ್ಳಬೇಕಿದ್ದರೆ ಸ್ಟಾರ್ಟ್ ಒತ್ತಿ 'ಸಿಸ್ಟಮ್ ಇನ್ಫರ್ಮೇಷನ್' ಹುಡುಕಿ ತೆರೆಯಿರಿ. ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಯುಇಎಫ್‌ಐ ಎಂದಿದ್ದರೆ ಮುಂದೆ ಓದಿ. ಲೆಗಸಿ (ಹಳೆಯ ಪದ್ಧತಿ) ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ವಿಂಡೋಸ್ ಪೆನ್‌ಡ್ರೈವ್ ಕೈಯಲ್ಲಿಲ್ಲದೆ ಏನನ್ನೂ ಅಳಿಸಬೇಡಿ.

ಮೊದಲು ಕಡತಗಳು

ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ನಿಮ್ಮ ನುಡಿ ಕಡತಗಳ ಒಂದು ಪ್ರತಿ, ವಿಂಡೋಸ್‌ನ ಫೋಟೋ ಮತ್ತು ದಾಖಲೆಗಳು ಮೊದಲು ಅದಕ್ಕೆ ಹೋಗಲಿ. ವಿಂಡೋಸ್‌ಗೆ ನಾವು ಕೈ ಹಾಕುವುದಿಲ್ಲ ನಿಜ, ಆದರೂ ಪಾರ್ಟಿಷನ್ ಅಳಿಸುವ ಕೆಲಸದಲ್ಲಿ ಒಂದು ತಪ್ಪು ಕ್ಲಿಕ್‌ಗೆ ಕ್ಷಮೆಯಿಲ್ಲ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಾಗಿ ಕಾಣುತ್ತವೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಪ್ರತಿ ಸರಿಯಿದೆಯೇ ಎಂದು ನೋಡುವಾಗ ಅದನ್ನು ಕಂಡು ಗಾಬರಿಯಾಗಬೇಡಿ, ನುಡಿ ಇರುವ ಯಂತ್ರದಲ್ಲೇ ತೆರೆದು ನೋಡಿ.

ಆಮೇಲೆ ಉಬುಂಟುವಿನ ಸರದಿ. ವಿಂಡೋಸ್‌ನಿಂದ 'ರೀಸ್ಟಾರ್ಟ್' ಕೊಟ್ಟು ಉಬುಂಟುವಿಗೆ ಹೋಗಿ, ಶಟ್‌ಡೌನ್ ಕೊಡಬೇಡಿ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇರುವುದರಿಂದ ವಿಂಡೋಸ್ ಶಟ್‌ಡೌನ್‌ನಲ್ಲಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಅದರ ಡ್ರೈವ್‌ಗೆ ಉಬುಂಟುವಿನಿಂದ ಬರೆಯುವುದು ಅಪಾಯ. ಅದಕ್ಕೇ ಕಡತಗಳನ್ನು ಸಿ ಡ್ರೈವ್‌ಗೆ ಎಳೆದು ಹಾಕದೆ ನೇರವಾಗಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕಿ.

ಉಬುಂಟುವಿನಲ್ಲಿ 'ಫೈಲ್ಸ್' ತೆರೆದರೆ ಹೋಮ್ ಫೋಲ್ಡರ್ ಕಾಣುತ್ತದೆ. ಅದನ್ನಿಡೀ ಪ್ರತಿ ಮಾಡುವುದೇ ಒಳ್ಳೆಯದು. ಇದು ಬೇಕು, ಅದು ಬೇಡ ಎಂದು ಆರಿಸಲು ಹೋದರೆ ಬೇಕಾದದ್ದೇ ಬಿಟ್ಟುಹೋಗುತ್ತದೆ. ಪ್ರತಿ ಮಾಡುವ ಮೊದಲು ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಚುಕ್ಕಿಯಿಂದ ಶುರುವಾಗುವ ಹೆಸರಿನ ಅಡಗಿದ ಫೋಲ್ಡರ್‌ಗಳು ಕಾಣಿಸಿಕೊಳ್ಳುತ್ತವೆ. ಬ್ರೌಸರ್‌ನ ಗುರುತುಪುಟಗಳು, ನಿಮ್ಮ ಮಗ ಸರ್ವರ್‌ಗಳಿಗೆ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳು ಇಂಥ ಕಡೆ ಇರುತ್ತವೆ. 'ಸ್ನ್ಯಾಪ್' ಎಂಬ ಫೋಲ್ಡರ್ ಕಂಡರೆ ಅದನ್ನೂ ಬಿಡಬೇಡಿ, ಈಚಿನ ಉಬುಂಟುವಿನಲ್ಲಿ ಫೈರ್‌ಫಾಕ್ಸ್‌ನ ಸರಕೆಲ್ಲ ಅದರೊಳಗಿದೆ. ಪ್ರತಿ ಮಾಡುವಾಗ ಕೆಲವು ಕಡತಗಳಲ್ಲಿ ದೋಷ ಬಂದು ನಿಂತರೆ ಹೆಸರನ್ನು ನೋಡಿ. ಲಿನಕ್ಸ್‌ನಲ್ಲಿ ಕಡತದ ಹೆಸರಿನಲ್ಲಿ ಕೋಲನ್, ಪ್ರಶ್ನಾರ್ಥಕ ಚಿಹ್ನೆ ಇರಬಹುದು. ವಿಂಡೋಸ್ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್‌ಗಳು ಅವನ್ನು ಒಪ್ಪುವುದಿಲ್ಲ. ಹೆಸರು ಬದಲಿಸಿ ಮತ್ತೆ ಪ್ರತಿ ಮಾಡಿ, ಅಥವಾ ಇಡೀ ಫೋಲ್ಡರ್ ಅನ್ನು ಒಂದು ಜಿಪ್ ಕಡತವಾಗಿ ಮಾಡಿ ಹಾಕಿ.

ಉಬುಂಟುವಿನ ಪಾಸ್‌ವರ್ಡ್ ಮಗನಿಗೂ ಮರೆತುಹೋಗಿದ್ದರೆ ಉಬುಂಟುವಿನ ಪೆನ್‌ಡ್ರೈವ್ ಮಾಡಿ, ಅದರಿಂದಲೇ ಯಂತ್ರ ಎಬ್ಬಿಸಿ, 'ಟ್ರೈ ಉಬುಂಟು' ಆರಿಸಿ ಕಡತಗಳನ್ನು ಓದಬಹುದು. ಆದರೆ ಉಬುಂಟು ಏಳುವ ಮೊದಲೇ, ಲಾಗಿನ್ ಪರದೆಗೂ ಮುಂಚೆ, ಬೇರೊಂದು ಪಾಸ್‌ವರ್ಡ್ ಕೇಳುತ್ತಿದ್ದರೆ ಆ ಪಾರ್ಟಿಷನ್ ಎನ್‌ಕ್ರಿಪ್ಟ್ ಆಗಿದೆ, ಎಂದರೆ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿದೆ. ಆ ಪಾಸ್‌ವರ್ಡ್ ಇಲ್ಲದೆ ಯಾರಿಂದಲೂ ತೆಗೆಯಲಾಗದು.

ಪ್ರತಿಯಾದ ಮೇಲೆ ಎರಡೂ ಕಡೆಯ ಫೋಲ್ಡರ್‌ಗಳ ಗಾತ್ರ ಮತ್ತು ಕಡತಗಳ ಸಂಖ್ಯೆ ಹೋಲಿಸಿ. ಮಗನಿಗೆ ವಿಡಿಯೋ ಕರೆ ಮಾಡಿ, ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವುದನ್ನು ಅವನ ಕಣ್ಣಿಗೆ ತೋರಿಸಿ. ಅವನು ಸರಿ ಎಂದ ಮೇಲೆ ಮುಂದಿನ ಹೆಜ್ಜೆ. ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಪಾರ್ಟಿಷನ್ ಮೇಲೆ ಏನೂ ಬರೆಯದಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಸಾಧನದಿಂದ ಮರಳಿ ಪಡೆಯುವುದು ಬಹುಮಟ್ಟಿಗೆ ಸಾಧ್ಯ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಖಾಲಿ ಜಾಗ ಯಾವುದು ಎಂದು ವಿಂಡೋಸ್ ಎಸ್‌ಎಸ್‌ಡಿಗೆ ಆಗಾಗ ತಿಳಿಸುತ್ತಿರುತ್ತದೆ, ಅದಕ್ಕೆ ಟ್ರಿಮ್ ಎನ್ನುತ್ತಾರೆ. ಆ ಜಾಗ ಸಿ ಡ್ರೈವ್‌ಗೆ ಸೇರಿ ಒಮ್ಮೆ ಟ್ರಿಮ್ ನಡೆದರೆ ಅಲ್ಲಿದ್ದ ಕಡತಗಳನ್ನು ತಜ್ಞರ ಕೈಗೆ ಕೊಟ್ಟರೂ ಸಿಗುವ ಭರವಸೆ ಇಲ್ಲ.

ಬಿಟ್‌ಲಾಕರ್ ಕೀಲಿ

ಇದನ್ನು ಮರೆತವರು ಕಷ್ಟಪಡುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಸೌಲಭ್ಯದಿಂದ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಬಳಸುವವರಿಗೆ ಅದರ ಸುಳಿವೇ ಇರುವುದಿಲ್ಲ. ಯಂತ್ರ ಎದ್ದೇಳುವ ಕ್ರಮದಲ್ಲಿ ವ್ಯತ್ಯಾಸ ಕಂಡರೆ 'ಯಾರೋ ಕೈಯಾಡಿಸಿದ್ದಾರೆ' ಎಂದು ಭಾವಿಸಿ ನೀಲಿ ಪರದೆಯಲ್ಲಿ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ನಾವು ಮಾಡಹೊರಟಿರುವುದು ಅದೇ ಕ್ರಮವನ್ನು ಬದಲಿಸುವ ಕೆಲಸ. ಸೆಟ್ಟಿಂಗ್ಸ್‌ನ ಪ್ರೈವೆಸಿ ಅಂಡ್ ಸೆಕ್ಯುರಿಟಿ ವಿಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ. ಆನ್ ಆಗಿದ್ದರೆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಾರ ಖಾತೆ? ಲ್ಯಾಪ್‌ಟಾಪ್ ಮೊದಲು ಸಿದ್ಧಮಾಡಿದವರದು. ನಿಮ್ಮ ವಿಷಯದಲ್ಲಿ ಅದು ಬಹುಶಃ ಮಗನ ಖಾತೆ. ಅವನಿಗೆ ಹೇಳಿ ಆ 48 ಅಂಕಿಗಳನ್ನು ತರಿಸಿಕೊಂಡು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನೊಳಗೆ ಉಳಿಸಿಟ್ಟುಕೊಂಡರೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಆ ಕೀಲಿ ಇಲ್ಲದೆ ಇಡೀ ವಿಂಡೋಸ್ ಬೀಗ ಬಿದ್ದುಬಿಟ್ಟರೆ ನಿಮ್ಮ ಪ್ರಶ್ನೆಪತ್ರಿಕೆಗಳೂ ಅದರೊಳಗೇ.

ಸರದಿ ಬದಲಿಸಿ, ಒಂದು ವಾರ ಕಾಯಿರಿ

ಈಗಲೂ ಏನನ್ನೂ ಅಳಿಸುವುದಿಲ್ಲ. ಮೊದಲು ವಿಂಡೋಸ್ ಗ್ರಬ್‌ನ ನೆರವಿಲ್ಲದೆ ತಾನೇ ಏಳುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು. ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕೊನೆಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ನೇರವಾಗಿ ಹೋಗಲು ಬಹಳಷ್ಟು ಡೆಲ್, ಏಸರ್, ಆಸುಸ್ ಯಂತ್ರಗಳಲ್ಲಿ ಆನ್ ಆಗುವಾಗ ಎಫ್2, ಎಚ್‌ಪಿಯಲ್ಲಿ ಎಫ್10. ಅಲ್ಲಿ ಬೂಟ್ ಎಂಬ ಪುಟದಲ್ಲಿ ಎರಡೂ ಹೆಸರುಗಳು ಕಾಣುತ್ತವೆ. ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೇಲಕ್ಕೆ ತಂದು, ಉಳಿಸಿ ಹೊರಬನ್ನಿ. ಸೆಕ್ಯೂರ್ ಬೂಟ್ ಮುಂತಾದ ಬೇರೆ ಯಾವುದನ್ನೂ ಮುಟ್ಟಬೇಡಿ. ಆ ಪುಟದಲ್ಲಿರುವ ಲೆಗಸಿ ಎಂಬ ಆಯ್ಕೆಯನ್ನು ಕುತೂಹಲಕ್ಕೂ ಬದಲಿಸಬಾರದು, ಬದಲಿಸಿದರೆ ಎರಡೂ ವ್ಯವಸ್ಥೆಗಳು ಕಣ್ಮರೆಯಾದಂತೆ ತೋರುತ್ತದೆ.

ಇದಾದ ಮೇಲೆ ಪಟ್ಟಿ ಬಾರದೆ ನೇರವಾಗಿ ವಿಂಡೋಸ್ ತೆರೆದುಕೊಂಡರೆ ಅಪಾಯದ ಮುಕ್ಕಾಲು ಭಾಗ ದಾಟಿದಂತೆ. ಒಂದು ವಾರ ಹೀಗೇ ಬಳಸಿ. ಪೂರ್ತಿ ಶಟ್‌ಡೌನ್ ಮಾಡಿ, ಒಂದು ಅಪ್‌ಡೇಟ್ ಹಾಕಿಸಿ, ಚಾರ್ಜರ್ ತೆಗೆದು ಹಾಕಿ ಎಬ್ಬಿಸಿ. ಉಬುಂಟು ಕಡೆ ಮರೆತ ಕಡತ ನೆನಪಾದರೆ ಈ ವಾರದಲ್ಲೇ ತೆಗೆದುಕೊಳ್ಳಬಹುದು. ಆನ್ ಮಾಡುವಾಗ ಬೂಟ್ ಮೆನು ಕೀಲಿ ಒತ್ತಿದರೆ (ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9) ಅದು ಇನ್ನೂ ಸಿಗುತ್ತದೆ. ನಿಮಗೆ ಜಾಗದ ತೊಂದರೆ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ ಎನ್ನುತ್ತಿದ್ದೆ. ಪಟ್ಟಿಯ ಕಿರಿಕಿರಿ, ಗಡಿಯಾರದ ಕಾಟ ಎರಡೂ ಇಷ್ಟಕ್ಕೇ ತೀರುತ್ತವೆ, ಅಳಿಸುವ ಅಪಾಯವೂ ಇಲ್ಲ.

ಅಳಿಸುವ ದಿನ

ಚಾರ್ಜರ್ ಹಾಕಿಕೊಂಡು, ಎಕ್ಸ್‌ಟರ್ನಲ್ ಡಿಸ್ಕ್ ಕಳಚಿಟ್ಟು ಕುಳಿತುಕೊಳ್ಳಿ. ಅದು ಸಿಕ್ಕಿಸಿಕೊಂಡೇ ಇದ್ದರೆ ತಪ್ಪಿ ಅದನ್ನೇ ಅಳಿಸುವವರಿದ್ದಾರೆ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ ಒಂದು ಉದ್ದ ಪಟ್ಟಿಯಾಗಿ ಕಾಣುತ್ತದೆ. ಉದಾಹರಣೆಗೆ 512 ಜಿಬಿಯ ಎಸ್‌ಎಸ್‌ಡಿ ಅಲ್ಲಿ 476 ಜಿಬಿ ಎಂದು ತೋರುತ್ತದೆ. ಏನೂ ಕಳೆದುಹೋಗಿಲ್ಲ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಎಡ ತುದಿಯಲ್ಲಿ 100 ಎಂಬಿಯ ಇಎಫ್‌ಐ, ಅದರ ಪಕ್ಕ ದೊಡ್ಡ ಸಿ ಡ್ರೈವ್, ಆಮೇಲೆ ಹೆಸರೂ ಅಕ್ಷರವೂ ಎನ್‌ಟಿಎಫ್‌ಎಸ್ ಎಂಬ ಗುರುತೂ ಇಲ್ಲದ 150 ಜಿಬಿ ಆಸುಪಾಸಿನ ಒಂದು ಖಂಡ, ಬಲ ತುದಿಯಲ್ಲಿ ಕೆಲವು ನೂರು ಎಂಬಿಯ ರಿಕವರಿ. ಹೆಸರಿಲ್ಲದ ಆ ಖಂಡವೇ ಉಬುಂಟು. ಅದರ ಪಕ್ಕ ಕೆಲವು ಜಿಬಿಯ ಇನ್ನೊಂದು ಹೆಸರಿಲ್ಲದ ತುಂಡಿದ್ದರೆ ಅದು ಉಬುಂಟುವಿನದೇ ಸ್ವಾಪ್, ಮೆಮೊರಿ ಸಾಲದಾಗ ಅದು ಬಳಸುವ ಜಾಗ.

ಊಹೆಯ ಮೇಲೆ ಅಳಿಸಬೇಡಿ. ಕಾಯುವ ಆ ವಾರದಲ್ಲಿ ಒಮ್ಮೆ ಉಬುಂಟುವಿಗೆ ಹೋಗಿ, ಅಲ್ಲಿನ 'ಡಿಸ್ಕ್ಸ್' ಎಂಬ ಆ್ಯಪ್ ತೆರೆದು ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಎಕ್ಸ್ಟ್4 ಎಂದು ಗುರುತಿರುವ ಪಾರ್ಟಿಷನ್‌ನ ಗಾತ್ರ, ಅದು ಎಷ್ಟನೆಯದು ಎಂಬುದು ಆ ಫೋಟೋದಲ್ಲಿರುತ್ತದೆ. ಗಾತ್ರದ ಅಂಕಿ ಎರಡು ಕಡೆ ಸ್ವಲ್ಪ ಬೇರೆ ಕಾಣಬಹುದು, ಕಾರಣ ಮೇಲೆ ಹೇಳಿದ ಎಣಿಕೆಯೇ. ಕ್ರಮ ಮಾತ್ರ ಒಂದೇ ಇರಬೇಕು. ಎರಡೂ ತಾಳೆಯಾದರೆ ಆ ಖಂಡದ ಮೇಲೆ ಬಲ ಕ್ಲಿಕ್ ಮಾಡಿ ಡಿಲೀಟ್ ವಾಲ್ಯೂಮ್ ಕೊಡಿ. 'ಫಾರ್ಮ್ಯಾಟ್ ಮಾಡಲೇ' ಎಂಬ ಪ್ರಶ್ನೆ ಎಲ್ಲಿಂದಾದರೂ ಮೇಲೆದ್ದರೆ ಬೇಡ ಎನ್ನಿ.

ಇಎಫ್‌ಐ ಮತ್ತು ರಿಕವರಿ ಖಂಡಗಳನ್ನು ಡಿಸ್ಕ್ ಮ್ಯಾನೇಜ್‌ಮೆಂಟ್ ಅಳಿಸಲು ಬಿಡುವುದಿಲ್ಲ. ಅದು ಒಳ್ಳೆಯದೇ, ಅದಕ್ಕಾಗಿಯೇ ನಾನು ಬೇರೆ ಸಾಧನಗಳಿಗಿಂತ ಇದನ್ನು ಸೂಚಿಸುವುದು. 'ಉಬುಂಟುವಿನ ಗುರುತೆಲ್ಲ ಹೋಗಲಿ' ಎಂದು ಬೇರೆ ಸಾಧನದಿಂದ ಇಎಫ್‌ಐ ಪಾರ್ಟಿಷನ್‌ನ್ನೇ ಅಳಿಸಿ, ವಿಂಡೋಸ್‌ನ್ನೂ ಮಲಗಿಸಿದ ಯಂತ್ರಗಳು ಬರುತ್ತಲೇ ಇರುತ್ತವೆ. ಆ ಪಾರ್ಟಿಷನ್ ಇಬ್ಬರದೂ ಹೌದು.

ಅಳಿಸಿದ ಜಾಗ ಕಪ್ಪು ಪಟ್ಟಿಯಾಗಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದು ಸಿ ಡ್ರೈವ್‌ನ ಬಲಕ್ಕೆ ಅಂಟಿಕೊಂಡೇ ಇದ್ದರೆ ಸಿ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟರೆ ಆಯಿತು. ನಿಮ್ಮ ಮಗ ವಿಂಡೋಸ್ ಒಳಗಿನಿಂದಲೇ ಸಿ ಡ್ರೈವ್ ಕುಗ್ಗಿಸಿ ಉಬುಂಟು ಹಾಕಿದ್ದರೆ ಬಹುಮಟ್ಟಿಗೆ ಹೀಗೇ ಇರುತ್ತದೆ. ಎಕ್ಸ್‌ಟೆಂಡ್ ಎಂಬುದು ಮಸುಕಾಗಿ ಒತ್ತಲು ಬಾರದಿದ್ದರೆ ನಡುವೆ ಏನೋ ಅಡ್ಡ ಇದೆ ಎಂದರ್ಥ, ರಿಕವರಿ ತುಂಡೋ ಡಿ ಡ್ರೈವೋ. ಆಗ ಪಾರ್ಟಿಷನ್‌ಗಳನ್ನು ಸರಿಸುವ ಸಾಧನಗಳಿವೆ, ಆದರೆ ಸರಿಸುವಾಗ ಕಡತಗಳೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೆಯಲ್ಪಡುತ್ತವೆ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಆ ಪಾರ್ಟಿಷನ್‌ನ ಕತೆ ಮುಗಿಯಿತು. ನೀವು ಅದಕ್ಕೆ ಹೋಗಬೇಡಿ. ಖಾಲಿ ಜಾಗವನ್ನು ಹೊಸ ಡ್ರೈವ್ ಮಾಡಿಕೊಂಡು ಫೋಟೋ, ವಿಡಿಯೋ, ಡೌನ್‌ಲೋಡ್‌ಗಳನ್ನು ಅಲ್ಲಿಗೆ ಸಾಗಿಸಿ. ಸಿ ಡ್ರೈವ್ ಹಗುರಾಗುವುದೇ ತಾನೆ ನಮಗೆ ಬೇಕಾದದ್ದು.

ಇಎಫ್‌ಐ ಒಳಗಿನ ಉಬುಂಟು ಫೋಲ್ಡರ್, ಮದರ್‌ಬೋರ್ಡ್‌ನಲ್ಲಿರುವ ಹೆಸರು ಇನ್ನೂ ಉಳಿದಿರುತ್ತವೆ. ಅವು ಕೆಲವೇ ಎಂಬಿ, ವಿಂಡೋಸ್ ಸರದಿಯಲ್ಲಿ ಮೊದಲಿದ್ದಾಗ ಯಾರಿಗೂ ತೊಂದರೆ ಕೊಡುವುದಿಲ್ಲ. ಬಿಟ್ಟುಬಿಡಿ ಎಂಬುದೇ ನನ್ನ ಅಭಿಪ್ರಾಯ. ತೆಗೆಯಲೇಬೇಕು ಎನ್ನುವವರು ಮೊದಲು ಆ ಫೋಲ್ಡರ್ ಅಳಿಸಿ ಆಮೇಲೆ ಹೆಸರು ಅಳಿಸಬೇಕು. ಉಲ್ಟಾ ಮಾಡಿದರೆ ಕೆಲವು ಯಂತ್ರಗಳಲ್ಲಿ ಹೆಸರು ಮತ್ತೆ ಹುಟ್ಟಿಕೊಳ್ಳುತ್ತದೆ, ಏಕೆಂದರೆ ಕಳೆದುಹೋದ ಹೆಸರನ್ನು ಪುನಃ ಬರೆಯುವ ಒಂದು ಸಣ್ಣ ಪ್ರೋಗ್ರಾಮ್ ಅನ್ನು ಉಬುಂಟು ಅದೇ ಪಾರ್ಟಿಷನ್‌ನಲ್ಲಿ ಇಟ್ಟಿರುತ್ತದೆ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೆಲಸ ಮಾಡಬೇಕು. ಮಗ ಊರಿಗೆ ಬಂದಾಗ ಅವನ ಕೈಯಲ್ಲಿ ಮಾಡಿಸಿ.

ಏನಾದರೂ ಎಡವಟ್ಟಾದರೆ

ಗ್ರಬ್‌ನ ಕಪ್ಪು ಪರದೆ ಬಂದರೆ 'ಎಕ್ಸಿಟ್' ಎಂಬ ಇಂಗ್ಲಿಷ್ ಪದ ಟೈಪ್ ಮಾಡಿ ಎಂಟರ್ ಒತ್ತಿ. ಬಹಳಷ್ಟು ಯಂತ್ರಗಳಲ್ಲಿ ಸರದಿಯ ಮುಂದಿನ ಹೆಸರಿಗೆ, ಎಂದರೆ ವಿಂಡೋಸ್‌ಗೆ, ಅದು ದಾಟಿಕೊಳ್ಳುತ್ತದೆ. ಇಲ್ಲವಾದರೆ ಬೂಟ್ ಮೆನು ಕೀಲಿ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ, ಒಳಗೆ ಹೋದ ಮೇಲೆ ಸರದಿಯನ್ನು ಮತ್ತೆ ಸರಿಪಡಿಸಿ. ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ವಿಂಡೋಸ್‌ನ ಪೆನ್‌ಡ್ರೈವ್‌ನಿಂದ ಎಬ್ಬಿಸಿ ಸ್ಟಾರ್ಟಪ್ ರಿಪೇರ್ ಪ್ರಯತ್ನಿಸಬಹುದು. ಅದೂ ಫಲಿಸದಿದ್ದರೆ ಬಿಸಿಡಿಬೂಟ್ ಎಂಬ ಆಜ್ಞೆಯಿಂದ ಇಎಫ್‌ಐ ಒಳಗಿನ ವಿಂಡೋಸ್ ಕಡತಗಳನ್ನು ಹೊಸದಾಗಿ ಬರೆಯಬಹುದು. ಸರ್ವಿಸ್‌ನವರಿಗೆ ಇದು ತಿಳಿದಿರುತ್ತದೆ. ಇವುಗಳಲ್ಲಿ ಯಾವುದಕ್ಕೂ ಸಿ ಡ್ರೈವ್ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ.

ಉಲ್ಟಾ ಮಾಡುವವರಿಗೂ ಒಂದು ಮಾತು. ಉಬುಂಟು ಉಳಿಸಿಕೊಂಡು ವಿಂಡೋಸ್ ತೆಗೆಯುವವರು ಈಗ ಹೆಚ್ಚು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, 11ಕ್ಕೆ ಹೊಂದದ ಯಂತ್ರಗಳನ್ನಿಟ್ಟುಕೊಂಡವರು ಹಾಗೆ ಮಾಡುತ್ತಿದ್ದಾರೆ. ಅವರಿಗೆ ಬಲೆ ಅದೇ ಇಎಫ್‌ಐ ಪಾರ್ಟಿಷನ್. 'ವಿಂಡೋಸ್ ಮಾಡಿದ್ದು' ಎಂದು ಅದನ್ನು ಅಳಿಸಿದರೆ ಗ್ರಬ್ ಕೂಡ ಹೋಗುತ್ತದೆ, ಮತ್ತು ಉಬುಂಟುವಿನಲ್ಲಿ ಪಾರ್ಟಿಷನ್‌ಗಳನ್ನು ಬದಲಿಸುವ ಸಾಧನವಾದ ಜಿಪಾರ್ಟೆಡ್ ಅದನ್ನು ತಡೆಯುವುದಿಲ್ಲ. ವಿಂಡೋಸ್‌ನ ಡ್ರೈವ್ ತಾನಾಗಿ ಸೇರಿಕೊಳ್ಳಲಿ ಎಂದು ಉಬುಂಟುವಿನ ಎಫ್‌ಸ್ಟ್ಯಾಬ್ ಕಡತದಲ್ಲಿ ಹಿಂದೆ ಬರೆದಿಟ್ಟಿದ್ದರೆ ಆ ಸಾಲನ್ನು ಮೊದಲು ತೆಗೆಯಿರಿ. ಇಲ್ಲವಾದರೆ ಇಲ್ಲದ ಡ್ರೈವ್‌ಗಾಗಿ ಕಾದು ಉಬುಂಟು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ಇಷ್ಟೆಲ್ಲ ನಿಮ್ಮಿಂದ ಆಗದು ಅನ್ನಿಸಿದರೆ ಅಂಗಡಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಕಡತಗಳ ಪ್ರತಿ ಮತ್ತು ಬಿಟ್‌ಲಾಕರ್ ಕೀಲಿಯ ಕೆಲಸವನ್ನು ಮನೆಯಲ್ಲೇ ಮುಗಿಸಿ, ಎಕ್ಸ್‌ಟರ್ನಲ್ ಡಿಸ್ಕ್ ಅನ್ನು ಮನೆಯಲ್ಲೇ ಬಿಟ್ಟು ಹೋಗಿ. ಜಾಬ್ ಶೀಟ್ ಮೇಲೆ ಹೀಗೆ ಬರೆಸಿ: 'ಲಿನಕ್ಸ್ ಪಾರ್ಟಿಷನ್ ಮಾತ್ರ ತೆಗೆಯುವುದು, ಆ ಜಾಗವನ್ನು ಸಿ ಡ್ರೈವ್‌ಗೆ ಸೇರಿಸುವುದು, ವಿಂಡೋಸ್ ಫಾರ್ಮ್ಯಾಟ್ ಮಾಡಬಾರದು.' ಇಷ್ಟಕ್ಕೂ ಫಾರ್ಮ್ಯಾಟ್ ಮಾಡದೆ ಆಗುವುದಿಲ್ಲ ಎಂದು ಹಟ ಹಿಡಿದರೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಇನ್ನೊಂದು ಅಂಗಡಿಗೆ ಹೋಗಿ.